ಕ್ಯಾಸೆಟ್ ಬಿಗಿಯ ಲೆಕ್ಕ

ಗೇರ್ ಸೈಕಲ್ಲಿನ ಹಿಂಚಕ್ರಕ್ಕೆ ಹೊಸ ಕ್ಯಾಸೆಟ್, ಅಂದರೆ ಹಲ್ಲುಚಕ್ರಗಳ ಗೊಂಚಲು, ಹಾಕುವಾಗ ಕೊನೆಯ ಕೆಲಸ ಅದನ್ನು ಹಿಡಿದಿಡುವ ಥ್ರೆಡ್ಡಿನ ಉಂಗುರವಾದ ಲಾಕ್‌ರಿಂಗ್ ಬಿಗಿಮಾಡುವುದು. ಬಹುಪಾಲು ಲಾಕ್‌ರಿಂಗ್‌ಗಳ ಮೇಲೆ 40 ನ್ಯೂಟನ್ ಮೀಟರ್ (ತಿರುಚುಬಲದ ಅಳತೆ) ಎಂದು ಅಚ್ಚಾಗಿರುತ್ತದೆ. ಇಷ್ಟು ಚಿಕ್ಕ ಉಂಗುರಕ್ಕೆ ಇಷ್ಟೊಂದು ಬಿಗಿ ಏಕೆ ಎಂಬ ಪ್ರಶ್ನೆ ಸಹಜವಾದದ್ದೇ.

ಹಲ್ಲುಚಕ್ರಗಳೂ ಅವನ್ನು ಹೊರುವ ತಿರುಗುಭಾಗವೂ ಒಂದೇ ಘಟಕವಾಗಿದ್ದ ಹಳೆಯ ಫ್ರೀವೀಲಿಗೆ ಈ ಚಿಂತೆ ಇರಲಿಲ್ಲ. ಅದು ಹಬ್‌ನ (ಚಕ್ರದ ನಡುಭಾಗದ) ಥ್ರೆಡ್ ಮೇಲೆ ಕೂರುತ್ತಿತ್ತು, ಪೆಡಲ್ ತುಳಿದಷ್ಟೂ ತಾನಾಗಿ ಬಿಗಿಯಾಗುತ್ತಿತ್ತು. ಜಪಾನಿನ ಶಿಮಾನೊ ಕಂಪನಿ 1978ರಲ್ಲಿ ತಂದ ಫ್ರೀಹಬ್, ಅಂದರೆ ಹಲ್ಲುಚಕ್ರಗಳನ್ನು ಹೊರುವ ತಿರುಗುಭಾಗ ಹಬ್ಬಿಗೇ ಸೇರಿರುವ ರಚನೆ, ಈ ಏರ್ಪಾಟನ್ನೇ ಬದಲಿಸಿತು. ಇಂದು ಹೆಚ್ಚಾಗಿ ಕಾಣುವ ಹೈಪರ್‌ಗ್ಲೈಡ್ ಮಾದರಿಯಲ್ಲಿ ಫ್ರೀಹಬ್‌ನ ಮೈಮೇಲೆ ಒಂಬತ್ತು ಏಣುಗಳಿದ್ದು, ಹಲ್ಲುಚಕ್ರಗಳ ಒಳಗಿನ ಕಚ್ಚುಗಳು ಅವುಗಳ ಮೇಲೆ ಜಾರಿ ಕೂರುತ್ತವೆ. ಒಂದು ಏಣಿನ ಅಗಲ ಮಾತ್ರ ಬೇರೆಯಾಗಿರುವುದರಿಂದ ಚಕ್ರಗಳು ಒಂದೇ ರೀತಿಯಲ್ಲಿ ಹೊಂದುತ್ತವೆ. ಚೈನು ಒಂದರಿಂದ ಇನ್ನೊಂದಕ್ಕೆ ಸಲೀಸಾಗಿ ಏರಲು ಹಲ್ಲುಗಳು ಹೀಗೆ ನಿಗದಿತ ಸ್ಥಾನದಲ್ಲಿರಲೇಬೇಕು.

ತುಳಿತದ ಬಲವನ್ನು ಹೊರುವುದು ಈ ಏಣುಗಳು, ಲಾಕ್‌ರಿಂಗ್ ಅಲ್ಲ. 70 ಕೆಜಿ ತೂಕದ ಸವಾರ 170 ಮಿ.ಮೀ. ಉದ್ದದ ಕ್ರ್ಯಾಂಕಿನ (ಪೆಡಲಿನ ತೋಳಿನ) ಮೇಲೆ ಇಡೀ ಭಾರ ಬಿಟ್ಟು ನಿಂತರೆ, ಮುಂದೆ ಮತ್ತು ಹಿಂದೆ ಸಮಾನ ಹಲ್ಲುಗಳಿರುವ ಗೇರಿನಲ್ಲಿ ಹಿಂದಿನ ಹಬ್ಬಿಗೆ ಸುಮಾರು 117 ನ್ಯೂಟನ್ ಮೀಟರ್ ತಿರುಚುಬಲ ತಲುಪುತ್ತದೆ. ಅದು ಲಾಕ್‌ರಿಂಗಿನ ಬಿಗಿಯ ಹತ್ತಿರಹತ್ತಿರ ಮೂರು ಪಟ್ಟು. ಲಾಕ್‌ರಿಂಗಿನ ಕೆಲಸ ಬೇರೆ: ಅದು ಹಲ್ಲುಚಕ್ರಗಳನ್ನೂ ಅವುಗಳ ನಡುವೆ ಅಂತರ ಕೊಡುವ ಸ್ಪೇಸರು ಬಿಲ್ಲೆಗಳನ್ನೂ ಅಡ್ಡಲಾಗಿ ಒತ್ತಿ ಒಂದೇ ಗಟ್ಟಿಯಂತೆ ಹಿಡಿಯುತ್ತದೆ. ಸೂಕ್ಷ್ಮ ಥ್ರೆಡ್ಡಿನ ಮೇಲೆ ಹಾಕಿದ 40 ನ್ಯೂಟನ್ ಮೀಟರ್, ಘರ್ಷಣೆಯ ಪಾಲನ್ನು ಕಳೆದ ಮೇಲೂ, ಹಲವು ನೂರು ಕೆಜಿ ಭಾರದಷ್ಟು ಒತ್ತಡವಾಗುತ್ತದೆ. ಅದು ಸಡಿಲಾದರೆ ಬಿಡಿ ಚಕ್ರಗಳು ಪ್ರತಿ ತುಳಿತಕ್ಕೂ ಕೊಂಚ ಅಲುಗಾಡಿ, ಮೆದುವಾದ ಅಲ್ಯೂಮಿನಿಯಂ ಏಣುಗಳನ್ನು ಉಳಿಯಂತೆ ಕೊರೆಯುತ್ತವೆ. ಆಮೇಲೆ ಕ್ಯಾಸೆಟ್ ಕಳಚುವುದೇ ಸಾಹಸ.

ಥ್ರೆಡ್ಡಿಗೆ ತೆಳುವಾಗಿ ಗ್ರೀಸ್ ಸವರಿ, ಮೊದಲ ಸುತ್ತುಗಳನ್ನು ಬೆರಳಿನಿಂದಲೇ ತಿರುಗಿಸಬೇಕು. ಥ್ರೆಡ್ ಅಡ್ಡ ಹತ್ತಿದ್ದರೆ ಬೆರಳಿಗೆ ತಕ್ಷಣ ತಿಳಿಯುತ್ತದೆ. ಟೂಲ್ ಹಾಕಿ ಬಿಗಿಮಾಡುವಾಗ ಕೊನೆಯಲ್ಲಿ ಕಟಕಟ ಸದ್ದು ಜೋರಾಗಿ ಬರುತ್ತದೆ. ಲಾಕ್‌ರಿಂಗಿನ ತಳದ ಗೆರೆಗಳು ಅತಿ ಚಿಕ್ಕ ಹಲ್ಲುಚಕ್ರದ ಗೆರೆಗಳನ್ನು ದಾಟುವ ಸದ್ದು ಅದು. ಏನೋ ಮುರಿಯಿತೆಂದು ಅಲ್ಲಿಗೇ ಕೈಬಿಡಬಾರದು. ಬಿಗಿಯನ್ನು ಅಳೆಯುವ ಟಾರ್ಕ್ ರೆಂಚ್ ಇಲ್ಲದಿದ್ದರೆ 25 ಸೆಂ.ಮೀ. ಹಿಡಿಯ ತುದಿಯಲ್ಲಿ ಸುಮಾರು 16 ಕೆಜಿ ತೂಕದಷ್ಟು ಬಲ ಬೇಕೆಂಬ ಅಂದಾಜು ಸಾಕು. ಹಲ್ಲುಚಕ್ರ ತಿರುಗದಂತೆ ಹಿಡಿಯುವ ಚೈನ್ ವಿಪ್ ಬೇಕಾಗುವುದು ಕಳಚುವಾಗ ಮಾತ್ರ.

ನನ್ನ ದೃಷ್ಟಿಯಲ್ಲಿ ಅತಿ ಮೋಸದ ತಪ್ಪು ಸ್ಪೇಸರಿನದು. 11 ಸ್ಪೀಡ್ (ಅಂದರೆ 11 ಹಲ್ಲುಚಕ್ರಗಳ) ರೋಡ್ ಫ್ರೀಹಬ್ಬಿನ ಮೈ ಹಳೆಯ ಮಾದರಿಗಿಂತ 1.85 ಮಿ.ಮೀ. ಉದ್ದ. ಅದರ ಮೇಲೆ 8 ಅಥವಾ 9 ಸ್ಪೀಡಿನ ಕ್ಯಾಸೆಟ್ ಕೂರಿಸುವಾಗ ಅಷ್ಟೇ ದಪ್ಪದ ಸ್ಪೇಸರನ್ನು ಕ್ಯಾಸೆಟ್ಟಿನ ಹಿಂದೆ ಹಾಕದಿದ್ದರೆ, ಲಾಕ್‌ರಿಂಗ್ ಚಕ್ರಗಳನ್ನು ಒತ್ತುವ ಮೊದಲೇ ಫ್ರೀಹಬ್ಬಿನ ಅಂಚಿಗೆ ತಾಗಿ ನಿಲ್ಲುತ್ತದೆ. ರೆಂಚ್ 40 ತೋರಿಸುತ್ತದೆ, ಕ್ಯಾಸೆಟ್ ಮಾತ್ರ ಸಡಿಲವೇ. ಆದ್ದರಿಂದ ಬಿಗಿಮಾಡಿದ ಮೇಲೆ ಹಲ್ಲುಚಕ್ರಗಳನ್ನು ಕೈಯಲ್ಲಿ ಹಿಡಿದು ಅಲುಗಿಸಿ ನೋಡಬೇಕು. ಇಡೀ ಕ್ಯಾಸೆಟ್ ಒಟ್ಟಾಗಿ ಕೂದಲೆಳೆಯಷ್ಟು ಹೊಯ್ದಾಡಿದರೆ ಅದು ಬೇರಿಂಗಿನ ಸಡಿಲ, ತೀರಾ ಸಾಮಾನ್ಯ. ಒಂದೇ ಚಕ್ರವೋ ಸ್ಪೇಸರೋ ಬೇರೆಯಾಗಿ ಅಲುಗಿದರೆ ಲಾಕ್‌ರಿಂಗ್ ಬಿಚ್ಚಿ ಜೋಡಣೆಯನ್ನು ಮತ್ತೆ ಮೊದಲಿನಿಂದ ಮಾಡಬೇಕು.