ಮೊದಲು ಬ್ಲೇಡು ತೋರಿಸಿ

ಮರಗೆಲಸದ ಯಂತ್ರ ಚೀಲದಿಂದ ಹೊರಬರುವ ಮೊದಲೇ ಅದರ ವಾಸನೆ ನನ್ನ ಮೇಜಿಗೆ ತಲುಪಿರುತ್ತದೆ. ಸುಟ್ಟ ವಾರ್ನಿಷಿನ ವಾಸನೆ. ಶಿವಮೊಗ್ಗದಲ್ಲಿ ಇಪ್ಪತ್ತು ವರ್ಷಗಳಿಂದ ಸುಟ್ಟ ಮೋಟಾರುಗಳಿಗೆ ತಂತಿ ಸುತ್ತಿಕೊಡುವ ವೈಂಡಿಂಗ್ ಅಂಗಡಿ ಇಟ್ಟುಕೊಂಡವನಿಗೆ ಕಾಯಿಲ್, ಅಂದರೆ ಮೋಟಾರಿನೊಳಗಿನ ಆ ತಂತಿಯ ಸುತ್ತು, ಹೋಗಿದೆ ಎಂದು ಮೂಗೇ ಹೇಳಿಬಿಡುತ್ತದೆ. ತಂದವರು ಹೇಳುವುದು ಹೆಚ್ಚುಕಡಿಮೆ ಒಂದೇ ಮಾತು, "ಮಷಿನ್ ಸರಿಯಿಲ್ಲ." ನಾನು ಕೇಳುವುದೂ ಒಂದೇ, "ಮೊದಲು ಬ್ಲೇಡು ತೋರಿಸಿ."

ಕಳೆದ ಮಳೆಗಾಲದಲ್ಲಿ ಬ್ಯಾಂಕಿನಲ್ಲಿ ಕೆಲಸ ಮಾಡುವ ಹುಡುಗನೊಬ್ಬ, ನೇರ ಬ್ಲೇಡು ಮೇಲೆ ಕೆಳಗೆ ಆಡುವ ಕರೆಂಟ್ ಗರಗಸವಾದ ಜಿಗ್‌ಸಾ ಹಿಡಿದುಕೊಂಡು ಬಂದ. ಎರಡು ತಿಂಗಳಲ್ಲಿ ಅದು ಎರಡನೆಯ ಸಲ. "ಅಣ್ಣಾ, ಇದು 500 ವ್ಯಾಟಿನದು, ಸಾಲುತ್ತಿಲ್ಲ. 800ರದ್ದು ತೆಗೆದುಕೊಳ್ಳಲೇ?" ಎಂದ. ಬ್ಲೇಡು ಎಲ್ಲಪ್ಪಾ ಎಂದು ಕೇಳಿದೆ. ಯಂತ್ರದಲ್ಲೇ ಇತ್ತು. ಡಬ್ಬಿಯ ಜೊತೆ ಬಂದಿದ್ದ ಒಂದೇ ಒಂದು ಬ್ಲೇಡು. ಬಿಸಿಗೆ ಅದರ ಬೆನ್ನು ನೀಲಿಗೆ ತಿರುಗಿತ್ತು, ಹಲ್ಲಿನ ತುದಿಗಳೆಲ್ಲ ದುಂಡಗಾಗಿದ್ದವು, ಸಂದಿನಲ್ಲಿ ಪ್ಲೈವುಡ್ಡಿನ ಅಂಟು ಸುಟ್ಟು ಕರಿಕಟ್ಟಿತ್ತು. ಅದೊಂದರಲ್ಲೇ 18 ಮಿ.ಮೀ. ದಪ್ಪದ ಎರಡು ಪೂರ್ತಿ ಹಾಳೆ ಪ್ಲೈವುಡ್ ಕೊಯ್ದು ಚಪ್ಪಲಿ ಸ್ಟ್ಯಾಂಡು, ಪುಸ್ತಕದ ಕಪಾಟು ಮಾಡಿದ್ದ. ಬದಲಿಸಲಿಲ್ಲವೇ ಎಂದರೆ ಮುಗ್ಧವಾಗಿ, "ಇನ್ನೂ ಮುರಿದಿಲ್ಲವಲ್ಲ ಅಣ್ಣಾ" ಎಂದ.

ಮುರಿಯುವ ತನಕ ಬ್ಲೇಡು ಚೆನ್ನಾಗಿಯೇ ಇರುತ್ತದೆ ಎಂಬ ಈ ನಂಬಿಕೆಗೆ ಎಷ್ಟು ಯಂತ್ರಗಳು ಬಲಿಯಾಗಿವೆಯೋ ಲೆಕ್ಕವಿಲ್ಲ. ಕಣ್ಣಿಗೆ ಕನ್ನಡಕ ಹಾಕಿ, ಪ್ಲಗ್ ಕಿತ್ತು ಬ್ಲೇಡು ಬದಲಿಸಿ ಎಂಬುದನ್ನೆಲ್ಲ ನಾನು ಇಲ್ಲಿ ಹೇಳಲು ಹೋಗುವುದಿಲ್ಲ. ಅಷ್ಟೂ ತಿಳಿಯದವರು ಯಂತ್ರ ಮುಟ್ಟದಿರುವುದೇ ಒಳ್ಳೆಯದು. ಈ ಒಂದು ವಿಷಯ ಮಾತ್ರ ಎಷ್ಟು ಸಲ ಹೇಳಿದರೂ ಯಾರ ತಲೆಗೂ ಹತ್ತುತ್ತಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಡ್ರಿಲ್, ಜಿಗ್‌ಸಾ, ದುಂಡು ಬ್ಲೇಡಿನ ಸರ್ಕ್ಯುಲರ್ ಸಾ, ವೈರ್ ಇರುವ ಇಂಥ ಯಂತ್ರಗಳಲ್ಲಿ ಬಹುಪಾಲಿನೊಳಗೆ ಇರುವುದು ಮಿಕ್ಸಿಯಲ್ಲಿರುವ ಜಾತಿಯದೇ ಮೋಟಾರು. ಅದು ತಿರುಗುವಾಗ ತನ್ನೊಳಗೇ ಒಂದು ಎದುರು ವೋಲ್ಟೇಜನ್ನು ಹುಟ್ಟಿಸಿಕೊಳ್ಳುತ್ತದೆ. ಒಳಗೆ ನುಗ್ಗುವ ಕರೆಂಟಿಗೆ ಅದೇ ಕಡಿವಾಣ. ವೇಗವಾಗಿ ತಿರುಗುತ್ತಿರುವಷ್ಟು ಹೊತ್ತು ಕಡಿವಾಣ ಬಿಗಿಯಾಗಿರುತ್ತದೆ. ಮೊಂಡು ಬ್ಲೇಡನ್ನು ಮರಕ್ಕೆ ಒತ್ತಿದಾಗ ವೇಗ ತಗ್ಗುತ್ತದೆ, ಕಡಿವಾಣ ಸಡಿಲವಾಗುತ್ತದೆ, ಕರೆಂಟು ಹೆಚ್ಚು ನುಗ್ಗುತ್ತದೆ. ಕರೆಂಟು ಎರಡು ಪಟ್ಟಾದರೆ ತಂತಿಯಲ್ಲಿ ಹುಟ್ಟುವ ಶಾಖ ನಾಲ್ಕು ಪಟ್ಟು. ಇಷ್ಟೇ ಆಗಿದ್ದರೆ ಹೇಗೋ ತಡೆದುಕೊಳ್ಳುತ್ತಿತ್ತೋ ಏನೋ. ಆದರೆ ಕಾಯಿಲಿಗೆ ಗಾಳಿ ಬೀಸುವ ಫ್ಯಾನು ಕೂತಿರುವುದೂ ಅದೇ ಶಾಫ್ಟಿನ ಮೇಲೆ. ಮೋಟಾರು ನಿಧಾನವಾದರೆ ಫ್ಯಾನೂ ನಿಧಾನ. ಒಲೆ ಉರಿ ಏರಿದ ಹೊತ್ತಿಗೇ ಗಾಳಿ ನಿಂತ ಹಾಗೆ. ತಾಮ್ರದ ತಂತಿಯ ಮೇಲಿನ ವಾರ್ನಿಷ್ ಸುಟ್ಟು, ಒಂದು ಸುತ್ತು ಇನ್ನೊಂದಕ್ಕೆ ತಗುಲಿ, ಕೊನೆಗೆ ನನ್ನ ಮೇಜಿಗೆ ಬರುತ್ತದೆ.

ಇದಕ್ಕೆ ಹೆಚ್ಚು ವ್ಯಾಟಿನ ಯಂತ್ರ ಮದ್ದಲ್ಲ. ವ್ಯಾಟ್ ಎಂದರೆ ಯಂತ್ರ ಗೋಡೆಯಿಂದ ಎಳೆದುಕೊಳ್ಳುವ ವಿದ್ಯುತ್ತಿನ ಲೆಕ್ಕ, ಮರವನ್ನು ಎಷ್ಟು ಚೆನ್ನಾಗಿ ಕೊಯ್ಯುತ್ತದೆ ಎಂಬ ಅಂಕಪಟ್ಟಿಯಲ್ಲ. ಮೊಂಡು ಬ್ಲೇಡಿಗೆ 800 ವ್ಯಾಟ್ ಕೊಟ್ಟರೆ ಕಾಯಿಲಿನ ಬದಲು ಮೊದಲು ಮರ ಸುಡುತ್ತದೆ, ಅಷ್ಟೇ.

ನಮ್ಮ ಅಪ್ಪ ಬಡಗಿ. ಬೆಳಿಗ್ಗೆ ಕಾಫಿ ಕುಡಿದು ಜಗಲಿಯಲ್ಲಿ ಕುಳಿತು, ಗರಗಸವನ್ನು ಹಲ್ಲು ಮೇಲೆ ಮಾಡಿ ಎರಡು ಪಟ್ಟಿಗಳ ನಡುವೆ ಸಿಕ್ಕಿಸಿ, ಮೂರು ಮೂಲೆಯ ಅರ ಹಾಕದೆ ಅವರು ಕೆಲಸಕ್ಕೆ ಹೊರಟದ್ದನ್ನು ನಾನು ನೋಡಿಲ್ಲ. ಆ ಕಿರ್ ಕಿರ್ ಸದ್ದಿಗೇ ನಮಗೆ ಎಚ್ಚರವಾಗುತ್ತಿತ್ತು. ಅದನ್ನು ಶಿಸ್ತು ಎಂದು ಹೊಗಳುವವರಿದ್ದಾರೆ. ನನ್ನ ಪ್ರಕಾರ ಅದು ಭುಜದ ನೋವಿನ ಭಯ. ಮೊಂಡು ಗರಗಸದಲ್ಲಿ ಮತ್ತಿ ಮರದ ಹಲಗೆ ಸೀಳಿದವನ ರಟ್ಟೆ ಅಂದೇ ರಾತ್ರಿ ಬುದ್ಧಿ ಕಲಿಸುತ್ತಿತ್ತು. ಈಗ ಆ ನೋವನ್ನು ಮೋಟಾರು ತಿನ್ನುತ್ತದೆ, ಬಾಯಿ ಬಿಡದೆ ತಿನ್ನುತ್ತದೆ. ಹಿಡಿದವನಿಗೆ ಗೊತ್ತಾಗುವುದು ಹೊಗೆ ಬಂದ ಮೇಲೆ.

ಆದ್ದರಿಂದ ಅದಕ್ಕೆ ಮೊದಲೇ ತಿಳಿದುಕೊಳ್ಳುವ ಒಂದು ದಾರಿ ಹೇಳುತ್ತೇನೆ. ಬ್ಲೇಡನ್ನು ಯಂತ್ರದಿಂದ ಬಿಚ್ಚಿ, ಒಂದು ಹಲ್ಲಿನ ತುದಿಯನ್ನು ಹೆಬ್ಬೆರಳಿನ ಉಗುರಿನ ಮೇಲೆ ಭಾರ ಹಾಕದೆ ಎಳೆಯಿರಿ. ಹರಿತವಾದ ಹಲ್ಲು ಉಗುರನ್ನು ಕಚ್ಚುತ್ತದೆ, ಬಿಳಿಯ ಗೆರೆ ಮೂಡುತ್ತದೆ. ಮೊಂಡಾದದ್ದು ಜಾರುತ್ತದೆ. ಹೊಸ ಬ್ಲೇಡು ತಂದ ದಿನವೇ ಒಮ್ಮೆ ಹೀಗೆ ನೋಡಿಟ್ಟುಕೊಂಡರೆ ಆಮೇಲೆ ವ್ಯತ್ಯಾಸ ತಾನಾಗಿ ತಿಳಿಯುತ್ತದೆ. ಇನ್ನು ಕೊಯ್ದ ಅಂಚು ಕಂದುಗಟ್ಟಿದ್ದರೆ, ನೀವು ಯಂತ್ರದ ಬೆನ್ನ ಮೇಲೆ ಇಡೀ ಮೈಭಾರ ಹಾಕುತ್ತಿದ್ದರೆ, ಉಗುರಿನ ಪರೀಕ್ಷೆಯೂ ಬೇಕಾಗಿಲ್ಲ.

ಮನೆಯಲ್ಲಿ ಕೆಲಸ ಮಾಡುವವರ ಬ್ಲೇಡು ಆಚಾರಿಗಳ ಬ್ಲೇಡಿಗಿಂತ ಬೇಗ ಹಾಳಾಗುವುದಕ್ಕೆ ಕಾರಣವೂ ಇದೆ. ಅವರು ಕೊಯ್ಯುವುದು ಬಹುತೇಕ ಪ್ಲೈವುಡ್ಡು, ಇಲ್ಲವೇ ಮರದ ನಾರನ್ನು ಅಂಟು ಹಾಕಿ ಒತ್ತಿದ ಎಂ.ಡಿ.ಎಫ್. ಹಲಗೆ. ನೋಡಲು ಮೆತ್ತಗೆ, ಒಳಗೆಲ್ಲ ಗಟ್ಟಿ ಅಂಟು. ನೀರಿಗೆ ತಡೆಯುವ ಪ್ಲೈವುಡ್ಡಿನಲ್ಲಿ ಆ ಅಂಟು ಇನ್ನೂ ಗಡಸು. ಮರಗಳಲ್ಲಿ ತೇಗವೂ ಸಾಧುವಲ್ಲ. ಉಳಿಗೆ ಬೆಣ್ಣೆಯಂತೆ ಒಗ್ಗುತ್ತದೆ, ಆದರೆ ಅದರೊಳಗೆ ಮರಳಿನ ಜಾತಿಯ ಸಿಲಿಕಾ ಇರುವುದರಿಂದ ಹಲ್ಲನ್ನು ತೇಯುತ್ತದೆ.

ಜಿಗ್‌ಸಾ ಬ್ಲೇಡು ಕೊಳ್ಳುವಾಗ ಮೇಲಿನ ಬರಹವನ್ನು ಓದಿ. ಟಿ 101 ಬಿ, ಟಿ 144 ಡಿ ಎಂದೆಲ್ಲ ಇರುತ್ತದೆ. ಸಂಖ್ಯೆಯ ಪಕ್ಕದ ಅಕ್ಷರ ಹಲ್ಲಿನ ಗಾತ್ರವನ್ನು ಹೇಳುತ್ತದೆ. ಎ ಎಂದರೆ ಸಣ್ಣ ಹಲ್ಲು, ಡಿ ಎಂದರೆ ತೀರಾ ದಪ್ಪ ಹಲ್ಲು. ಪ್ಲೈವುಡ್ಡಿನಲ್ಲಿ ಅಂಚು ಚೊಕ್ಕವಾಗಿ ಬರಬೇಕೆಂದರೆ 101 ಬಿ. ದಪ್ಪ ಹಲಗೆಯನ್ನು ಅಂದಚೆಂದ ನೋಡದೆ ಬೇಗ ಕೊಯ್ಯಬೇಕೆಂದರೆ 144 ಡಿ. ಟಿ 118 ಎ ತಗಡಿನದು, ಅದರಲ್ಲಿ ಮರ ಕೊಯ್ಯುವುದು ಬಾಚಣಿಗೆಯಲ್ಲಿ ಕಬ್ಬು ಕಡಿದ ಹಾಗೆ. ಸಾಮಾನ್ಯ ಬ್ಲೇಡಿನ ಹಲ್ಲು ಮೇಲ್ಮುಖವಾಗಿ ಕೊಯ್ಯುವುದರಿಂದ ಸಿಗುರು ಏಳುವುದು ಮೇಲಿನ ಮುಖದಲ್ಲಿ. ಚೆಂದದ ಮುಖವನ್ನು ಕೆಳಗೆ ಮಾಡಿ ಕೊಯ್ಯಿರಿ.

ಸರ್ಕ್ಯುಲರ್ ಸಾ ಇರುವವರಿಗೆ ಹಲ್ಲಿನ ಲೆಕ್ಕ ಬೇರೆ. ಏಳು ಇಂಚಿನ ಬ್ಲೇಡಿನಲ್ಲಿ 24 ಹಲ್ಲಿನದು ಮರವನ್ನು ಎಳೆಯುದ್ದಕ್ಕೆ ಸೀಳಲು, 40ರದ್ದು ಎಲ್ಲದಕ್ಕೂ ನಡೆಯುತ್ತದೆ, 60ರದ್ದು ಪ್ಲೈವುಡ್ಡಿನ ನಯವಾದ ಅಂಚಿಗೆ. ಹಲ್ಲು ಹೆಚ್ಚಿದ್ದಷ್ಟೂ ಒಳ್ಳೆಯದೆಂದು 60ರ ಬ್ಲೇಡಿನಲ್ಲಿ ದಪ್ಪ ಹಲಸು ಸೀಳಲು ಹೋಗಬೇಡಿ, ಹೊಟ್ಟು ಹೊರಹೋಗಲು ಜಾಗ ಸಾಲದೆ ಬ್ಲೇಡು ಕಾಯುತ್ತದೆ. ಕಾರ್ಬೈಡ್ ಎಂಬ ತೀರಾ ಗಡಸು ವಸ್ತುವಿನ ಹಲ್ಲಿರುವ ಈ ಬ್ಲೇಡುಗಳು ಎಷ್ಟೋ ಸಲ ಮೊಂಡಾಗಿರುವುದೇ ಇಲ್ಲ, ಅಂಟು ಹಿಡಿದಿರುತ್ತದೆ ಅಷ್ಟೇ. ಬಿಚ್ಚಿ, ವಾಷಿಂಗ್ ಸೋಡಾ ಕದಡಿದ ಬಿಸಿನೀರಿನಲ್ಲಿ ಸ್ವಲ್ಪ ಹೊತ್ತು ನೆನೆಸಿ, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿ, ಒರೆಸಿ, ಒಂದು ಹನಿ ಎಣ್ಣೆ ಸವರಿ. ಬ್ಲೇಡು ಮಾರುವವನೂ ಆದ ನಾನು ಇದನ್ನು ಹೇಳಬಾರದು. ಹೇಳಿದ್ದೇನೆ.

ಬ್ಲೇಡಿನ ಕಥೆಯೇ ಡ್ರಿಲ್ ಬಿಟ್ಟಿನದೂ, ಅಂದರೆ ಡ್ರಿಲ್ಲಿಗೆ ಸಿಕ್ಕಿಸುವ ಕೊರೆಯುವ ಕಡ್ಡಿಯದೂ. ನಮ್ಮ ಬೀದಿಯ ನಿವೃತ್ತ ಮೇಷ್ಟ್ರೊಬ್ಬರು ಹಲಸಿನ ಹಲಗೆಯಲ್ಲಿ ಸ್ಟೂಲು ಮಾಡಲು ಹೊರಟಿದ್ದರು. "ತೂತು ಕೊರೆದರೆ ಹೊಗೆ ಬರುತ್ತದೆ ಕಣಯ್ಯಾ, ಒಳಗೆ ಮರವೇ ಹೊತ್ತಿಕೊಂಡ ಹಾಗೆ" ಎಂದು ಡ್ರಿಲ್ಲನ್ನು ಮೇಜಿನ ಮೇಲಿಟ್ಟರು. ನೋಡಿದರೆ ಚಕ್ಕಿನಲ್ಲಿ, ಅಂದರೆ ಬಿಟ್ಟನ್ನು ಕಚ್ಚಿಹಿಡಿಯುವ ಬಾಯಿಯಲ್ಲಿ, ಗೋಡೆ ಕೊರೆಯುವ ಬಿಟ್ಟು, ಮೇಲಿನ ಗುಂಡಿ ಸುತ್ತಿಗೆಯ ಚಿತ್ರದ ಮೇಲೆ. ಗೋಡೆಯ ಬಿಟ್ಟಿನ ತುದಿ ಕೊಯ್ಯುವುದಕ್ಕಿರುವುದಲ್ಲ, ಕುಟ್ಟಿ ಪುಡಿ ಮಾಡುವುದಕ್ಕಿರುವುದು. ಮರವನ್ನು ಕುಟ್ಟಿದರೆ ಪುಡಿಯಾಗದು, ಉಜ್ಜಿ ಉಜ್ಜಿ ಸುಡುತ್ತದೆ. ಗುಂಡಿಯನ್ನು ಬರಿಯ ಡ್ರಿಲ್ಲಿನ ಚಿತ್ರಕ್ಕೆ ತಿರುಗಿಸಿ, ನಡುವೆ ಚೂಪು ಮೊನೆಯಿರುವ ಮರದ ಬಿಟ್ಟನ್ನು ಹಾಕಿ, ಅವರು ತಂದಿದ್ದ ಹಲಸಿನ ತುಂಡಿನ ಮೇಲೆ ಅವರ ಕೈಯಿಂದಲೇ ಕೊರೆಸಿದೆ. ಹಳದಿ ಸಿಪ್ಪೆ ಸುರುಳಿ ಸುರುಳಿಯಾಗಿ ಮೇಲೆದ್ದು ಅವರ ಚಪ್ಪಲಿಯ ಮೇಲೆ ಬಿತ್ತು. ಮೇಷ್ಟ್ರು ಬಗ್ಗಿ ಒಂದನ್ನು ಎತ್ತಿಕೊಂಡು ಮೂಸಿ ನೋಡಿದರು. ಆಮೇಲೆ ಬೇಡದ ಕಡೆಯಲ್ಲೆಲ್ಲ ಇನ್ನೂ ನಾಲ್ಕು ತೂತು ಕೊರೆದರು.

ಈಗ ಎಲ್ಲರೂ ಕೇಳುವ ಪ್ರಶ್ನೆ: ಎಂಟು ಸಾವಿರ ರೂಪಾಯಿಯಲ್ಲಿ ಏನು ಕೊಳ್ಳಲಿ? ದರ ಊರೂರಿಗೆ, ತಿಂಗಳು ತಿಂಗಳಿಗೆ ಬದಲಾಗುತ್ತದೆ, ನನ್ನ ಮಾತನ್ನು ಅಂದಾಜೆಂದು ತಿಳಿಯಿರಿ. ನಾನಾದರೆ ವೇಗವನ್ನು ಗುಂಡಿಯಲ್ಲೇ ಹೆಚ್ಚುಕಡಿಮೆ ಮಾಡಬಲ್ಲ ವೈರಿನ ಡ್ರಿಲ್ಲು ಒಂದು, ಜಿಗ್‌ಸಾ ಒಂದು, ಹಲಗೆ ಬಿಗಿಹಿಡಿಯಲು ಎರಡು ಕ್ಲಾಂಪು ಎನ್ನುತ್ತೇನೆ. ಇವಿಷ್ಟನ್ನೂ ಆರೂವರೆ ಸಾವಿರದೊಳಗೆ ಮುಗಿಸಿ, ಉಳಿದದ್ದನ್ನು ಬ್ಲೇಡಿಗೆ, ಬಿಟ್ಟಿಗೆ, ಉಪ್ಪುಕಾಗದಕ್ಕೆ ಇಡಿ. ಜನ ಮಾಡುವುದು ಇದರ ತಿರುವುಮುರುವು. ಏಳು ಸಾವಿರದ ಒಂದೇ ಯಂತ್ರ ಕೊಂಡು, ಐದು ಬ್ಲೇಡಿನ ಪೊಟ್ಟಣಕ್ಕೆ ಮುನ್ನೂರು ರೂಪಾಯಿ ಎಂದಾಗ ಚೌಕಾಸಿಗೆ ನಿಲ್ಲುತ್ತಾರೆ. ಸರ್ಕ್ಯುಲರ್ ಸಾ ಮೊದಲ ವರ್ಷ ಬೇಡ. ಪ್ಲೈವುಡ್ ಅಂಗಡಿಗಳಲ್ಲಿ ಹಲವು ಕಡೆ ದೊಡ್ಡ ಕಟಿಂಗ್ ಯಂತ್ರವಿರುತ್ತದೆ, ಅಳತೆ ಬರೆದುಕೊಟ್ಟರೆ ಕಾಸು ತೆಗೆದುಕೊಂಡು ನೇರವಾಗಿ ಕೊಯ್ದು ಕೊಡುತ್ತಾರೆ. ಹಲಗೆ ಹೆರೆಯುವ ಕರೆಂಟ್ ಪ್ಲೇನರ್ ಮನೆಯವರಿಗೆ ಬೇಡವೇ ಬೇಡ, ಆ ದುಡ್ಡಿಗೆ ಮರವನ್ನು ಉಜ್ಜಿ ನಯ ಮಾಡುವ ಸ್ಯಾಂಡರ್ ಬರುತ್ತದೆ.

ಬ್ಯಾಟರಿ ಯಂತ್ರಗಳ ಬಗ್ಗೆ ನನಗೆ ದ್ವೇಷವಿಲ್ಲ. ದಿನವೂ ಬಳಸುವವರಿಗೆ ಅವು ವರ. ವರ್ಷಕ್ಕೆ ನಾಲ್ಕು ಸಲ ಸ್ಕ್ರೂ ತಿರುಗಿಸುವವರ ಬ್ಯಾಟರಿ ಮಾತ್ರ ಅಟ್ಟದ ಮೇಲೇ ಸಾಯುತ್ತದೆ. ಇನ್ನೊಂದು ಮಾತು. 18 ವೋಲ್ಟ್, 20 ವೋಲ್ಟ್, 21 ವೋಲ್ಟ್ ಎಂದು ಬೇರೆ ಬೇರೆ ಬರೆದಿದ್ದರೂ ಸಾಮಾನ್ಯವಾಗಿ ಒಳಗಿರುವುದು ಅದೇ ಐದು ಸೆಲ್ಲಿನ ಸಾಲು. ಒಬ್ಬರು ಐದನ್ನು ಒಂದು ಸೆಲ್ಲಿನ ಸಾಮಾನ್ಯ ವೋಲ್ಟೇಜಾದ 3.6ರಿಂದ ಗುಣಿಸುತ್ತಾರೆ, ಇನ್ನೊಬ್ಬರು ಪೂರ್ತಿ ಚಾರ್ಜಾದಾಗಿನ 4.2ರಿಂದ ಗುಣಿಸುತ್ತಾರೆ. 48, 88 ಎಂದು ಮುದ್ರಿಸಿದವನ್ನೂ ಬಿಚ್ಚಿದ್ದೇನೆ. ಅವುಗಳಲ್ಲೂ ಐದೇ ಇದ್ದವು.

ಕಬ್ಬಿಣ ಉಜ್ಜುವ, ಕೊಯ್ಯುವ ಕೈ ಗ್ರೈಂಡರಿಗೆ ಮರ ಕೊಯ್ಯುವ ಹಲ್ಲಿನ ಬ್ಲೇಡು ಹಾಕಿಕೊಡಿ ಎಂದು ಕೇಳಿಕೊಂಡು ಬರುವವರಿಗೆ ಇಲ್ಲಿಯೇ ಉತ್ತರ ಹೇಳಿಬಿಡುತ್ತೇನೆ: ಕೊಡುವುದಿಲ್ಲ. ಏಳು ಇಂಚಿನ ಸಾ ನಿಮಿಷಕ್ಕೆ 5,000 ಸುತ್ತಿನ ಆಸುಪಾಸಿನಲ್ಲಿ ತಿರುಗಿದರೆ ನಾಲ್ಕು ಇಂಚಿನ ಗ್ರೈಂಡರ್ 11,000ದ ಆಸುಪಾಸು. ಹಲ್ಲು ಮರಕ್ಕೆ ಸಿಕ್ಕಿಕೊಂಡರೆ ಯಂತ್ರ ಕೈಯಿಂದ ಕಿತ್ತುಕೊಂಡು ಎದ್ದು ಬರುತ್ತದೆ. ಆಗ ಬೆರಳು ಸ್ವಿಚ್ಚಿನಿಂದ ಜಾರಿದರೂ ಅದು ತಿರುಗುತ್ತಲೇ ಇರಬಹುದು, ಹಲವು ಗ್ರೈಂಡರುಗಳ ಸ್ವಿಚ್ಚು ಒಮ್ಮೆ ತಳ್ಳಿದರೆ ಆನ್ ಆಗಿಯೇ ಉಳಿಯುವಂಥದ್ದು. "ಎಲ್ಲರೂ ಮಾಡುತ್ತಾರಲ್ಲ" ಎನ್ನುತ್ತಾರೆ. ಮಾಡುತ್ತಾರೆ. ಅವರಲ್ಲಿ ಕೆಲವರ ಕೈಯನ್ನು ಹಣ ಎಣಿಸಿಕೊಡುವಾಗ ನಾನು ನೋಡಿದ್ದೇನೆ.

ನಾನು ನೋಡುವುದು ಕೆಟ್ಟ ಯಂತ್ರಗಳನ್ನಷ್ಟೇ, ಕೆಡದೆ ಓಡುತ್ತಿರುವವು ನನ್ನ ಬಳಿ ಬರುವುದಿಲ್ಲ. ಹಾಗಾಗಿ ನನ್ನ ಮಾತಿನಲ್ಲಿ ಕಹಿ ಸ್ವಲ್ಪ ಹೆಚ್ಚೇ ಇರಬಹುದು. ಎಲ್ಲ ತಪ್ಪೂ ಬ್ಲೇಡಿನದಲ್ಲ ಎಂಬುದೂ ನಿಜ. ಗಾಳಿಕಿಂಡಿಯಲ್ಲಿ ಹೊಟ್ಟು ತುಂಬಿಕೊಂಡು ಸುಟ್ಟವು ಇವೆ. ತೆಳು ವೈರಿನ ಉದ್ದದ ಎಕ್ಸ್‌ಟೆನ್ಷನ್ನನ್ನು ಸುರುಳಿ ಬಿಚ್ಚದೆ ಬಳಸಿ ಕೆಡಿಸಿದವು ಇವೆ. ಸುಟ್ಟೇ ಇರದೆ ಸುಮ್ಮನೆ ನಿಂತವೂ ಇವೆ.

ಮೇಷ್ಟ್ರ ಡ್ರಿಲ್ಲು ಆಮೇಲೊಮ್ಮೆ ಹಾಗೆಯೇ ನಿಂತಿತು. ಅವರು ಅಷ್ಟು ಹೊತ್ತಿಗೆ ಹೊಸದರ ಬೆಲೆ ವಿಚಾರಿಸಿಕೊಂಡೇ ಬಂದಿದ್ದರು. ಬಿಚ್ಚಿ ನೋಡಿದರೆ ಮೋಟಾರಿನ ತಿರುಗುವ ಭಾಗಕ್ಕೆ ಕರೆಂಟು ಮುಟ್ಟಿಸುವ ಎರಡು ಕಾರ್ಬನ್ ತುಂಡುಗಳು ಸವೆದು ಬೆಂಕಿಕಡ್ಡಿಯ ಮದ್ದಿನಷ್ಟಾಗಿದ್ದವು. ಸವೆಯಲಿಕ್ಕೆಂದೇ ಇರುವ ಸಾಮಾನು ಅದು, ಜೋಡಿಗೆ ಎಂಬತ್ತು ರೂಪಾಯಿ. ಹಾಕಿಕೊಟ್ಟೆ. ಕೂಲಿ ಬೇಡವೆಂದದ್ದಕ್ಕೆ ಮರುವಾರ ಹಲಸಿನ ಸ್ಟೂಲೊಂದನ್ನು ತಂದು ಅಂಗಡಿಯೊಳಗಿಟ್ಟು ಹೋದರು. ಗಿರಾಕಿಗಳು ಈಗ ಅದರ ಮೇಲೇ ಕೂರುತ್ತಾರೆ. ಒಂದು ಕಾಲು ಸ್ವಲ್ಪ ಗಿಡ್ಡ. ಬ್ಲೇಡಿನ ಪೊಟ್ಟಣದ ರಟ್ಟನ್ನು ನಾಲ್ಕು ಮಡಿಕೆ ಮಾಡಿ ಅದರಡಿ ಇಟ್ಟಿದ್ದೇನೆ.