‘ದಿ ಸೀ ವುಲ್ವ್ಸ್’: ನಮ್ಮ ಕಡಲಿನಲ್ಲಿ ನಡೆದ ಗೂಢಚರ್ಯೆ

1980ರ ಈ ಚಿತ್ರವನ್ನು ಕಾರವಾರದ ನಮ್ಮ ಓದುಗುಂಪು ಮುಂದಿನ ವಾರ ನೋಡಲಿರುವುದರಿಂದ ಈ ಟಿಪ್ಪಣಿ. ಗ್ರೆಗರಿ ಪೆಕ್, ರೋಜರ್ ಮೂರ್, ಡೇವಿಡ್ ನಿವೆನ್ ನಟಿಸಿರುವ ಇದರ ಮೂಲಘಟನೆ, ಅಂದರೆ ಎರಡನೇ ಮಹಾಯುದ್ಧದ ನಡುವೆ ಜರ್ಮನ್ ಹಡಗೊಂದರ ಮೇಲೆ ಬ್ರಿಟಿಷರು ಗುಟ್ಟಾಗಿ ಮಾಡಿಸಿದ ದಾಳಿ, ನಡೆದದ್ದು 1943ರ ಮಾರ್ಚ್ 9ರಂದು, ಗೋವಾದ ಮರ್ಮಗೋವಾ ಬಂದರಿನಲ್ಲಿ.

ಕಥೆಯ ಕೀಲಿ ‘ತಟಸ್ಥ’ ಎಂಬ ಪದದಲ್ಲಿದೆ. ಆಗ ಕಾರವಾರ ಮುಂಬೈ ಪ್ರಾಂತ್ಯಕ್ಕೆ ಸೇರಿದ್ದ ಬ್ರಿಟಿಷ್ ನೆಲವಾಗಿದ್ದರೆ, ಗಡಿಯ ಮಾಜಾಳಿ ದಾಟಿದೊಡನೆ ಸಿಗುತ್ತಿದ್ದದ್ದು ಯುದ್ಧದಲ್ಲಿ ಯಾರ ಪಕ್ಷವನ್ನೂ ವಹಿಸದ ಪೋರ್ಚುಗೀಸರ ಗೋವಾ; ಅಷ್ಟೇಕೆ, ನಮ್ಮ ಕಣ್ಣಳತೆಯಲ್ಲಿರುವ ಅಂಜುದೀವ್ ದ್ವೀಪ ಕೂಡ 1961ರವರೆಗೆ ಅವರದ್ದೇ. ಯುದ್ಧದ ಆರಂಭದ ಕಾಲದಿಂದ ಎಹ್ರೆನ್‌ಫೆಲ್ಸ್ ಮೊದಲಾದ ಮೂರು ಜರ್ಮನ್ ಹಡಗುಗಳೂ ಒಂದು ಇಟಾಲಿಯನ್ ಹಡಗೂ ಈ ತಟಸ್ಥ ಬಂದರಿನ ಆಶ್ರಯ ಪಡೆದಿದ್ದವು. ಎಹ್ರೆನ್‌ಫೆಲ್ಸ್‌ನಲ್ಲಿ ಅಡಗಿಸಿಟ್ಟ ರೇಡಿಯೊದಿಂದ ಜರ್ಮನ್ ಜಲಾಂತರ್ಗಾಮಿಗಳಿಗೆ ಬ್ರಿಟಿಷರ ಪಕ್ಷದ ಹಡಗುಗಳ ಸುದ್ದಿ ಹೋಗುತ್ತಿದೆ ಎಂಬುದು ಬ್ರಿಟಿಷರ ಗುಮಾನಿ. ಆ ರೇಡಿಯೊದ ಬಾಯಿ ಮುಚ್ಚಿಸಲು ನೌಕಾಪಡೆಯನ್ನು ಕಳಿಸಿದರೆ ತಟಸ್ಥ ದೇಶದ ಮೇಲಿನ ದಾಳಿಯಾಗುತ್ತಿತ್ತಾದ್ದರಿಂದ, ಎಸ್‌ಒಇ ಎಂಬ ಬ್ರಿಟಿಷ್ ಗುಪ್ತಸಂಸ್ಥೆಯು ಕಲ್ಕತ್ತಾ ಲೈಟ್ ಹಾರ್ಸ್‌ನಂಥ ಹವ್ಯಾಸಿ ತುಕಡಿಗಳ ಸದಸ್ಯರನ್ನು, ಅಂದರೆ ಕಚೇರಿ, ವ್ಯಾಪಾರ ನೋಡಿಕೊಂಡಿದ್ದ ನಡುವಯಸ್ಸಿನವರನ್ನು, ಈ ಕೆಲಸಕ್ಕೆ ಇಳಿಸಿತು. ಸಿಕ್ಕಿಬಿದ್ದರೆ ‘ನಮಗೂ ಇವರಿಗೂ ಸಂಬಂಧವಿಲ್ಲ’ ಎಂದುಬಿಡಬಹುದಲ್ಲ!

ಅವರಿಗೆ ದೊರೆತ ವಾಹನ ‘ಫೀಬಿ’, ಹೂಳು ಸಾಗಿಸುವ ಒಂದು ಬಾರ್ಜು. ಬಂದರಿನಲ್ಲಿ ಹೂಳೆತ್ತುವುದನ್ನು ಕಂಡ ನಮ್ಮವರಿಗೆ ಅದರ ಓಟ ಎಷ್ಟು ನಿಧಾನವೆಂದು ಹೇಳಬೇಕಿಲ್ಲ. ಕಲ್ಕತ್ತಾದಿಂದ ಇಡೀ ಪರ್ಯಾಯದ್ವೀಪವನ್ನು ಬಳಸಿ ಕೊಚ್ಚಿಗೆ ಬಂದ ಅದು ಅಲ್ಲಿ ರೈಲಿನಲ್ಲಿ ಬಂದವರನ್ನು ಹತ್ತಿಸಿಕೊಂಡು ಉತ್ತರಕ್ಕೆ ತಿರುಗಿತು. ಕೊಚ್ಚಿಯಿಂದ ಮರ್ಮಗೋವಾಕ್ಕೆ ಹೋಗುವ ಹಡಗು ನಮ್ಮ ಕಡಲನ್ನು ಹಾಯದೆ ಹೋಗಲಾರದು. ಚಿತ್ರದಲ್ಲಿ ಮಾತ್ರ ಈ ದೂರದ ಅರಿವೇ ಆಗುವುದಿಲ್ಲ.

ದಾಳಿಯ ದೃಶ್ಯವನ್ನು ಎಚ್ಚರದಿಂದ ನೋಡಬೇಕು. ಎಹ್ರೆನ್‌ಫೆಲ್ಸ್‌ನ ಕಪ್ತಾನ ರೋಫರ್ ಸತ್ತದ್ದು ನಿಜ. ಆದರೆ ಹಡಗನ್ನು ಮುಳುಗಿಸಿದ್ದು ದಾಳಿಕೋರರ ಸ್ಫೋಟಕವಷ್ಟೇ ಅಲ್ಲ. ಹಡಗು ಶತ್ರುವಿನ ವಶವಾಗಬಾರದೆಂದು ಸಿಬ್ಬಂದಿಯೇ ತಳದ ಕವಾಟಗಳನ್ನು ತೆರೆದು ನೀರು ನುಗ್ಗಿಸಿದರು. ಉಳಿದ ಮೂರು ಹಡಗುಗಳನ್ನಂತೂ ಯಾರೂ ಹತ್ತಲೇ ಇಲ್ಲ. ಎಹ್ರೆನ್‌ಫೆಲ್ಸ್‌ನ ಬೆಂಕಿ ಕಂಡ ಅವುಗಳ ಸಿಬ್ಬಂದಿ ತಾವೇ ಸುಟ್ಟು ಮುಳುಗಿಸಿದರು. ಬಾರ್ಬರಾ ಕೆಲರ್ಮನ್ ವಹಿಸಿದ ಮಾಯಾಂಗನೆಯ ಪಾತ್ರ ಕಲ್ಪನೆಯದು, ನನ್ನ ಮಟ್ಟಿಗೆ ಚಿತ್ರದ ಅತಿ ಸಡಿಲ ಭಾಗವೂ ಅದೇ.

ದಾಳಿಯ ನಂತರ ಜಲಾಂತರ್ಗಾಮಿಗಳಿಂದ ಬ್ರಿಟಿಷರ ಪಕ್ಷಕ್ಕಾಗುತ್ತಿದ್ದ ಹಡಗುನಷ್ಟ ತಗ್ಗಿತೆಂಬ ಮಾತನ್ನು ಕಾಗೆ ಕೂರುವುದಕ್ಕೂ ಟೊಂಗೆ ಮುರಿಯುವುದಕ್ಕೂ ಇರುವ ಸಂಬಂಧದಂತೆ ಪರೀಕ್ಷಿಸಿ ನೋಡಿ. ಭಾಗವಹಿಸಿದವರಿಗೆ ಪದಕ ಸಿಗಲಿಲ್ಲ, ವಿಷಯ ದಶಕಗಳ ಕಾಲ ಗುಟ್ಟಾಗಿಯೇ ಉಳಿಯಿತು. ತಮ್ಮ ಹಡಗುಗಳನ್ನು ಬಂದರಿನಲ್ಲಿ ಮುಳುಗಿಸಿದ ನಾವಿಕರನ್ನು ಮಾತ್ರ ಪೋರ್ಚುಗೀಸರು ಸೆರೆಯಲ್ಲಿಟ್ಟರು.