ಸುಂಕ ಕಟ್ಟಲ್ಲ ಎಂದ ದಕ್ಷಿಣ ಕೆರೊಲಿನಾ: 1832–33ರ ಬಿಕ್ಕಟ್ಟು

ಅಮೆರಿಕದ ನಲ್ಲಿಫಿಕೇಷನ್ (ಕೇಂದ್ರದ ಕಾನೂನನ್ನು ರಾಜ್ಯವೇ ಅಸಿಂಧು ಎಂದು ಸಾರುವುದು) ಬಿಕ್ಕಟ್ಟಿನ ಬಗ್ಗೆ ಉತ್ತರ ಬರೆಯುವಾಗ ಅದನ್ನು ಬರೀ ಸುಂಕದ ಜಗಳ ಅಂತ ಬರೆದು ಮುಗಿಸಬೇಡಿ. ಕೇಂದ್ರದ ಕಾನೂನು ಸಂವಿಧಾನ ಮೀರಿದೆಯೇ ಎಂದು ತೀರ್ಮಾನಿಸುವವರು ಯಾರು? ಜಗಳ ನಿಂತಿದ್ದು ಈ ಪ್ರಶ್ನೆಯ ಮೇಲೆ.

ಮೊದಲು ಹಣದ ವಿಷಯ. ಆಗ ಆದಾಯ ತೆರಿಗೆ ಇರಲಿಲ್ಲ. ಕೇಂದ್ರ ಸರ್ಕಾರ ನಡೆಯುತ್ತಿದ್ದುದೇ ಹೆಚ್ಚಾಗಿ ಆಮದು ಸುಂಕದಿಂದ. 1828ರಲ್ಲಿ ಆ ಸುಂಕವನ್ನು ತುಂಬಾ ಜಾಸ್ತಿ ಮಾಡಿದರು. ಇದರಿಂದ ಉತ್ತರದ ಕಾರ್ಖಾನೆಗಳಿಗೆ ರಕ್ಷಣೆ ಸಿಕ್ಕಿತು. ಹತ್ತಿ ಬೆಳೆಯುವ ದಕ್ಷಿಣಕ್ಕೆ ಎರಡು ಕಡೆಯಿಂದ ಪೆಟ್ಟು. ಕೊಳ್ಳುವ ಸಾಮಾನು ದುಬಾರಿಯಾಯಿತು. ಬ್ರಿಟನ್ನಿನ ಸರಕು ಇಲ್ಲಿ ಮಾರಾಟವಾಗದಿದ್ದರೆ ಅವರು ನಮ್ಮ ಹತ್ತಿ ಕೊಳ್ಳುವುದೂ ಕಡಿಮೆಯಾಗುತ್ತೆ ಎಂಬ ಭಯ ಬೇರೆ.

ಅದೇ ವರ್ಷ ಉಪಾಧ್ಯಕ್ಷ ಜಾನ್ ಸಿ. ಕ್ಯಾಲ್ಹೂನ್ ಹೆಸರು ಹಾಕದೆ ದಕ್ಷಿಣದ ರಾಜ್ಯವಾದ ದಕ್ಷಿಣ ಕೆರೊಲಿನಾಕ್ಕೆ ಒಂದು ವಾದ ಬರೆದುಕೊಟ್ಟರು. ಅದು ಹೀಗಿತ್ತು: ಒಕ್ಕೂಟ ಕಟ್ಟಿದ್ದು ರಾಜ್ಯಗಳು. ಹಾಗಾಗಿ ಸಂವಿಧಾನ ಮೀರಿದ ಕಾನೂನನ್ನು ತನ್ನ ಗಡಿಯೊಳಗೆ ತಡೆಯುವ ಹಕ್ಕು ರಾಜ್ಯಕ್ಕಿದೆ. ಸುಂಕ ಹಾಕಬಹುದು, ಆದರೆ ಸರ್ಕಾರದ ಖರ್ಚಿಗೆ, ಕಾರ್ಖಾನೆಗಳನ್ನು ಸಾಕಲು ಅಲ್ಲ. ಓದಲು ತತ್ವದ ಮಾತು, ಅಲ್ವಾ? ಆದರೆ ಇದರ ಹಿಂದೆ ಗುಲಾಮಗಿರಿ ಇದೆ. ಇಂದು ಸುಂಕ ಹೇರುವ ಕೇಂದ್ರ ನಾಳೆ ಗುಲಾಮಗಿರಿಗೂ ಕೈ ಹಾಕೀತು ಎಂಬ ಅಂಜಿಕೆ ತೋಟದ ಮಾಲೀಕರಿಗಿತ್ತು. ಸುಂಕ ನೆಪವಷ್ಟೇ, ನಿಜವಾದ ಕಾರಣ ಬೇರೆ ಎಂದು ಕ್ಯಾಲ್ಹೂನ್ 1830ರ ಪತ್ರವೊಂದರಲ್ಲಿ ತಾವೇ ಒಪ್ಪಿಕೊಂಡಿದ್ದಾರೆ. ಇದನ್ನು ಬಿಟ್ಟು ಬರೆದ ಉತ್ತರ ಅರ್ಧ ಉತ್ತರ.

1832ರ ಹೊಸ ಕಾನೂನು ಸುಂಕವನ್ನು ಸ್ವಲ್ಪ ಇಳಿಸಿತು. ಅದು ಸಾಲಲಿಲ್ಲ. ನವೆಂಬರ್ 24ರಂದು ದಕ್ಷಿಣ ಕೆರೊಲಿನಾದ ವಿಶೇಷ ಸಮಾವೇಶ 1828 ಮತ್ತು 1832ರ ಎರಡೂ ಸುಂಕದ ಕಾನೂನುಗಳನ್ನು ಅಸಿಂಧು ಎಂದು ಸಾರಿತು. 1833ರ ಫೆಬ್ರವರಿ 1ರ ನಂತರ ರಾಜ್ಯದಲ್ಲಿ ಸುಂಕ ವಸೂಲಿ ಇಲ್ಲ, ಬಲ ಬಳಸಿದರೆ ಒಕ್ಕೂಟ ಬಿಡುತ್ತೇವೆ ಎಂದಿತು. ಬೇರೆ ಯಾವ ರಾಜ್ಯವೂ ಜೊತೆಗೆ ಬರಲಿಲ್ಲ.

ಅಧ್ಯಕ್ಷ ಆಂಡ್ರ್ಯೂ ಜಾಕ್ಸನ್ ಕೂಡ ದಕ್ಷಿಣದವರು, ಗುಲಾಮರನ್ನು ಇಟ್ಟುಕೊಂಡಿದ್ದವರು. ಆದರೂ ಡಿಸೆಂಬರ್ 10ರ ಘೋಷಣೆಯಲ್ಲಿ ಅವರು ಜಗ್ಗಲಿಲ್ಲ. ಆಯುಧ ಹಿಡಿದು ಒಕ್ಕೂಟ ಒಡೆಯುವುದು ದೇಶದ್ರೋಹ ಎಂದರು.

1833ರ ಮಾರ್ಚ್ 2 ನೆನಪಿಡಬೇಕಾದ ದಿನ. ಜಾಕ್ಸನ್ ಅಂದು ಎರಡು ಕಾನೂನುಗಳಿಗೆ ಸಹಿ ಹಾಕಿದರು. ಒಂದು, ಸೇನೆ ಬಳಸಿಯಾದರೂ ಸುಂಕ ವಸೂಲಿ ಮಾಡುವ ಅಧಿಕಾರ ಕೊಡುವ ಫೋರ್ಸ್ ಬಿಲ್. ಇನ್ನೊಂದು, ಸೆನೆಟರ್ ಹೆನ್ರಿ ಕ್ಲೇ ರೂಪಿಸಿದ ರಾಜಿ ಕಾನೂನು. ಶೇ. 20ಕ್ಕಿಂತ ಮೇಲಿದ್ದ ಸುಂಕವನ್ನು 1842ರ ಹೊತ್ತಿಗೆ ಹಂತಹಂತವಾಗಿ ಅಲ್ಲಿಗೆ ಇಳಿಸುವ ಯೋಜನೆ ಅದು.

ಯಾರು ಗೆದ್ದರು ಎಂದು ಕೇಳಿದರೆ ‘ಜಾಕ್ಸನ್’ ಎಂದಷ್ಟೇ ಬರೆಯುವುದು ನನಗೆ ಸರಿ ಕಾಣುವುದಿಲ್ಲ. ದಕ್ಷಿಣ ಕೆರೊಲಿನಾ ಸುಂಕದ ವಿರುದ್ಧದ ತನ್ನ ನಿರ್ಣಯವನ್ನು ಹಿಂದಕ್ಕೆ ಪಡೆಯಿತು, ನಿಜ. ಆದರೆ ಅದೇ ಸಮಾವೇಶ ಮಾರ್ಚ್ 18ರಂದು ಫೋರ್ಸ್ ಬಿಲ್ಲನ್ನೇ ಅಸಿಂಧು ಎಂದು ಸಾರಿತು.